ಏಕಫಲಕ ಗಣಕದಲ್ಲಿ ಓಪನ್‌ಸಿವಿ: ಸ್ಥಾಪನೆಯ ಮೂರು ಮಾರ್ಗಗಳು

ಚಿತ್ರವೊಂದನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಅದರಲ್ಲಿ ಏನಿದೆ, ಎಲ್ಲಿದೆ, ಎಷ್ಟಿದೆ ಎಂಬುದನ್ನು ಯಂತ್ರದಿಂದಲೇ ತಿಳಿದುಕೊಳ್ಳುವ ಶಾಸ್ತ್ರಕ್ಕೆ ಗಣಕದೃಷ್ಟಿ ಎಂದು ಹೆಸರು. ಈ ಶಾಸ್ತ್ರದ ಪ್ರಯೋಗಗಳನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಡೆಸಲು ಇಂದು ದೊಡ್ಡ ಯಂತ್ರಗಳ ಅವಶ್ಯಕತೆಯಿಲ್ಲ. ಅಂಗೈಯಗಲದ ಏಕಫಲಕ ಗಣಕವೊಂದು, ಸಣ್ಣದೊಂದು ಕ್ಯಾಮರಾ, ಯಾವ ಬೆಲೆಯೂ ಇಲ್ಲದೆ ದೊರೆಯುವ ಓಪನ್‌ಸಿವಿ ಎಂಬ ಲೈಬ್ರರಿ, ಇವಿಷ್ಟಿದ್ದರೆ ಸಾಕು. ಆದರೆ ಈ ಮೂರನ್ನೂ ಕೂಡಿಸುವ ಮೊದಲನೆಯ ಹೆಜ್ಜೆಯಲ್ಲಿ, ಎಂದರೆ ಲೈಬ್ರರಿಯನ್ನು ಗಣಕದಲ್ಲಿ ಸ್ಥಾಪಿಸುವ ಕೆಲಸದಲ್ಲಿಯೇ, ತರಗತಿಯ ಉತ್ಸಾಹವು ಉಡುಗಿಹೋಗುವುದುಂಟು. ಪ್ರಯೋಗಕ್ಕೆ ಗೊತ್ತಾದ ಅವಧಿ ಎರಡೋ ಮೂರೋ ಗಂಟೆ. ಸ್ಥಾಪನೆಯೇ ಅದಕ್ಕಿಂತ ಹೆಚ್ಚು ಕಾಲವನ್ನು ನುಂಗಿ, ಕೊನೆಗೆ ಅಪೂರ್ಣವಾಗಿ ನಿಂತರೆ, ಫಲಕಗಳು ಬೀರುವನ್ನು ಸೇರುವುವು. ವಿಷಯವು ಪುಸ್ತಕದಲ್ಲಿಯೇ ಉಳಿಯುವುದು.

ಹೀಗಾಗಲು ಕಾರಣ ಯಂತ್ರದ ದೌರ್ಬಲ್ಯವಾಗಲಿ ವಿದ್ಯಾರ್ಥಿಯ ಅಜ್ಞಾನವಾಗಲಿ ಅಲ್ಲ. ಸ್ಥಾಪನೆಗೆ ಮೂರು ಭಿನ್ನ ಮಾರ್ಗಗಳಿವೆ. ಅವುಗಳ ನಡುವಣ ಭೇದವನ್ನು ತಿಳಿಯದೆ, ಅತ್ಯಂತ ಕಠಿಣವಾದುದನ್ನು ಮೊದಲಿಗೇ ಹಿಡಿಯುವುದೇ ಬಹುಪಾಲು ತೊಂದರೆಗಳ ಮೂಲ. ಆ ಭೇದವೇನು, ಯಾವ ಮಾರ್ಗವು ಯಾವಾಗ ಯುಕ್ತ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ವಿವರಣೆಗೆ ರಾಸ್ಪ್‌ಬೆರಿ ಪೈ ಎಂಬ ಗಣಕವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ.

೧. ಫಲಕ ಮತ್ತು ಲೈಬ್ರರಿ

ಪ್ರೊಸೆಸರ್, ಸ್ಮೃತಿ, ಹೊರಗಿನ ಸಾಧನಗಳನ್ನು ಜೋಡಿಸುವ ದ್ವಾರಗಳು, ಇವೆಲ್ಲವನ್ನೂ ಒಂದೇ ಫಲಕದ ಮೇಲೆ ಅಳವಡಿಸಿದ ಗಣಕವನ್ನು ಏಕಫಲಕ ಗಣಕವೆಂದು ಕರೆಯಬಹುದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ರಾಸ್ಪ್‌ಬೆರಿ ಪೈ ಪ್ರತಿಷ್ಠಾನವು ಶಾಲೆಯ ಮಕ್ಕಳಿಗೆ ಪ್ರೋಗ್ರಾಂ ರಚನೆಯನ್ನು ಕಲಿಸುವ ಉದ್ದೇಶದಿಂದ ಇಂಥದೊಂದು ಗಣಕವನ್ನು ೨೦೧೨ರ ಫೆಬ್ರವರಿಯಲ್ಲಿ ೩೫ ಡಾಲರ್ ಬೆಲೆಗೆ ಹೊರತಂದಿತು. ಆ ಮೊದಲನೆಯ ಫಲಕದಲ್ಲಿದ್ದ ಸ್ಮೃತಿ ೨೫೬ ಮೆಗಾಬೈಟ್. ಪ್ರೊಸೆಸರಿನ ವೇಗ ೭೦೦ ಮೆಗಾಹರ್ಟ್ಸ್. ೨೦೧೬ರಲ್ಲಿ ಬಂದ ಪೈ ೩ರಲ್ಲಿ ೧.೨ ಗಿಗಾಹರ್ಟ್ಸ್ ವೇಗದ ನಾಲ್ಕು ತಿರುಳುಗಳೂ ೧ ಗಿಗಾಬೈಟ್ ಸ್ಮೃತಿಯೂ ಇದ್ದುವು. ೨೦೧೯ರ ಪೈ ೪, ೨೦೨೩ರ ಪೈ ೫ ಇವುಗಳಲ್ಲಿ ಶಕ್ತಿಯು ಇನ್ನೂ ಹೆಚ್ಚಿತು. ಆದರೂ ಪ್ರಯೋಗಶಾಲೆಗಳಲ್ಲಿ ೧ ಗಿಗಾಬೈಟ್ ಸ್ಮೃತಿಯ ಫಲಕಗಳು ಇಂದಿಗೂ ಬಳಕೆಯಲ್ಲಿರುವುದರಿಂದ ಅವುಗಳನ್ನೇ ಮುಖ್ಯವಾಗಿ ಲಕ್ಷ್ಯದಲ್ಲಿಟ್ಟುಕೊಂಡಿದ್ದೇವೆ.

ಓಪನ್‌ಸಿವಿಯ ಚರಿತ್ರೆ ಇದಕ್ಕಿಂತ ಹಳೆಯದು. ಇಂಟೆಲ್ ಸಂಸ್ಥೆಯಲ್ಲಿ ಗ್ಯಾರಿ ಬ್ರಾಡ್ಸ್ಕಿ ಎಂಬವರು ೧೯೯೯ರಲ್ಲಿ ಈ ಕಾರ್ಯವನ್ನು ಆರಂಭಿಸಿದರು. ಗಣಕದೃಷ್ಟಿಯ ಅಧ್ಯಯನದಲ್ಲಿ ತೊಡಗಿದ ಪ್ರತಿಯೊಬ್ಬರೂ ಅವೇ ಮೂಲಕ್ರಿಯೆಗಳನ್ನು ಮತ್ತೆ ಮತ್ತೆ ಬರೆಯಬೇಕಾಗಿ ಬರುವ ವ್ಯರ್ಥ ಶ್ರಮವನ್ನು ತಪ್ಪಿಸುವುದು ಅದರ ಗುರಿಗಳಲ್ಲೊಂದು. ೧.೦ ಆವೃತ್ತಿಯು ೨೦೦೬ರಲ್ಲಿಯೂ, ೪.೦ ಆವೃತ್ತಿಯು ೨೦೧೮ರಲ್ಲಿಯೂ ಹೊರಬಂದುವು. ಮೂಲಪಾಠವು ಎಲ್ಲರಿಗೂ ಮುಕ್ತವಾಗಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಳಸಬಹುದು. ಇಂಟೆಲ್ ಪ್ರೊಸೆಸರುಗಳನ್ನು ತಯಾರಿಸುವವರ ಮನೆಯಲ್ಲಿ ಹುಟ್ಟಿದ ಈ ಲೈಬ್ರರಿಯನ್ನು, ಸಂಪೂರ್ಣವಾಗಿ ಬೇರೆಯಾದ ಆರ್ಮ್ ಜಾತಿಯ ಪ್ರೊಸೆಸರುಳ್ಳ ಫಲಕದ ಮೇಲೆ ನಡೆಸುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

೨. ಯಂತ್ರಭಾಷೆಯ ಅವಶ್ಯಕತೆ

ಒಂದು ಸಣ್ಣ ಲೆಕ್ಕದಿಂದ ವಿಷಯವನ್ನು ಪ್ರವೇಶಿಸೋಣ. ಅಡ್ಡಲಾಗಿ ೬೪೦, ಉದ್ದಕ್ಕೆ ೪೮೦ ಬಿಂದುಗಳುಳ್ಳ ಚಿತ್ರದಲ್ಲಿ ಒಟ್ಟು ೩,೦೭,೨೦೦ ಬಿಂದುಗಳಿರುತ್ತವೆ. ಬಿಂದುವೊಂದಕ್ಕೆ ಮೂರು ಬಣ್ಣಗಳ ಮೂರು ಬೈಟುಗಳಂತೆ ಚಿತ್ರವೊಂದು ೯,೨೧,೬೦೦ ಬೈಟುಗಳಷ್ಟಾಗುತ್ತದೆ. ಬಣ್ಣವನ್ನು ಬಿಟ್ಟು, ಕಪ್ಪುಬಿಳುಪಿನ ಚಿತ್ರದಲ್ಲಿ ವಸ್ತುಗಳ ಅಂಚುಗಳನ್ನು ಗುರುತಿಸಬೇಕೆಂದು ಇಟ್ಟುಕೊಳ್ಳೋಣ. ಇದಕ್ಕಾಗಿ ಪ್ರತಿ ಬಿಂದುವನ್ನೂ ಅದರ ಸುತ್ತಲಿನ ಎಂಟು ಬಿಂದುಗಳನ್ನೂ ಗೊತ್ತಾದ ಒಂಬತ್ತು ಸಂಖ್ಯೆಗಳಿಂದ ಗುಣಿಸಿ ಕೂಡುವ ಕ್ರಮವೊಂದುಂಟು. ಒಂದು ಚಿತ್ರಕ್ಕೆ ೨೭,೬೪,೮೦೦ ಗುಣಾಕಾರಗಳಾದುವು. ಕ್ಯಾಮರಾವು ಸೆಕೆಂಡಿಗೆ ೩೦ ಚಿತ್ರಗಳನ್ನು ಕೊಡುವುದಾದರೆ, ಸೆಕೆಂಡಿಗೆ ೮ ಕೋಟಿ ೨೯ ಲಕ್ಷಕ್ಕೂ ಮೀರಿದ ಗುಣಾಕಾರಗಳು ಬೇಕು. ಅಂಚುಗಳನ್ನು ಒಂದು ದಿಕ್ಕಿನಲ್ಲಿ ಮಾತ್ರ ಹುಡುಕಲು ಇಷ್ಟು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಳಸುವ ಪೈಥಾನ್ ಭಾಷೆಯಲ್ಲಿ ಈ ಲೆಕ್ಕವನ್ನು ಬಿಂದುಬಿಂದುವಾಗಿ ಮಾಡಹೊರಟರೆ, ಪ್ರತಿಯೊಂದು ಹೆಜ್ಜೆಯನ್ನೂ ಅರ್ಥೈಸಿ ನಡೆಸುವ ಹೊರೆ ಯಂತ್ರದ ಮೇಲೆ ಬೀಳುವುದರಿಂದ ಕೆಲಸವು ಅತಿ ನಿಧಾನವಾಗುವುದು. ಆದಕಾರಣ ಓಪನ್‌ಸಿವಿಯ ಒಡಲನ್ನು ಸಿ++ ಭಾಷೆಯಲ್ಲಿ ಬರೆದು, ಅದನ್ನು ಮುಂಚಿತವಾಗಿಯೇ ಪ್ರೊಸೆಸರಿನ ಸ್ವಂತ ಯಂತ್ರಭಾಷೆಗೆ ಪರಿವರ್ತಿಸಿ ಇಡುತ್ತಾರೆ. ಈ ಪರಿವರ್ತನೆಯನ್ನು ಮಾಡುವ ಪ್ರೋಗ್ರಾಮಿಗೆ ಕಂಪೈಲರ್ ಎಂದು ಹೆಸರು. ಪೈಥಾನಿನಲ್ಲಿ ನಾವು ಬರೆಯುವ ಒಂದು ಸಾಲು ಆ ಸಿದ್ಧ ಯಂತ್ರಭಾಷಾ ಭಾಗವನ್ನು ಕರೆಯುತ್ತದೆ, ಅಷ್ಟೆ.

ಇಂಟೆಲ್ ಪ್ರೊಸೆಸರಿನ ಯಂತ್ರಭಾಷೆ ಬೇರೆ, ಆರ್ಮ್ ಪ್ರೊಸೆಸರಿನದು ಬೇರೆ. ಒಂದಕ್ಕಾಗಿ ಸಿದ್ಧಪಡಿಸಿದುದು ಇನ್ನೊಂದರಲ್ಲಿ ನಡೆಯದು. ಆರ್ಮ್‌ನಲ್ಲಿಯೂ ೩೨ ಬಿಟ್, ೬೪ ಬಿಟ್ ಎಂಬ ಪ್ರಭೇದಗಳಿವೆ. ಆದ್ದರಿಂದ ಸ್ಥಾಪನೆಯ ತಿರುಳಿನ ಪ್ರಶ್ನೆ ಇದು: ಮೂಲಪಾಠವನ್ನು ನಮ್ಮ ಫಲಕದ ಯಂತ್ರಭಾಷೆಗೆ ಪರಿವರ್ತಿಸುವ ಕೆಲಸವನ್ನು ಯಾರು ಮಾಡಬೇಕು, ಎಲ್ಲಿ ಮಾಡಬೇಕು? ಭತ್ತವನ್ನು ಮನೆಯ ಒರಳಿನಲ್ಲಿಯೇ ಕುಟ್ಟಿ ಅಕ್ಕಿ ಮಾಡಿಕೊಳ್ಳಬಹುದು. ಗಿರಣಿಯಿಂದ ಅಕ್ಕಿಯನ್ನೇ ತರಲೂಬಹುದು. ಮುಂದೆ ಹೇಳುವ ಮೊದಲ ಎರಡು ಮಾರ್ಗಗಳು ಗಿರಣಿಯವು; ಮೂರನೆಯದು ಒರಳಿನದು.

೩. ಮೊದಲನೆಯ ಮಾರ್ಗ: ವ್ಯವಸ್ಥೆಯ ಭಂಡಾರದಿಂದ

ರಾಸ್ಪ್‌ಬೆರಿ ಪೈಯಲ್ಲಿ ಸಾಮಾನ್ಯವಾಗಿ ನಡೆಯುವುದು ರಾಸ್ಪ್‌ಬೆರಿ ಪೈ ಓಎಸ್ ಎಂಬ ಲಿನಕ್ಸ್ ವ್ಯವಸ್ಥೆ. ಇದಕ್ಕೆ ಆಧಾರ ಡೆಬಿಯನ್. ಡೆಬಿಯನ್ನಿನ ಭಂಡಾರದಲ್ಲಿ ಸಾವಿರಾರು ಪ್ರೋಗ್ರಾಮುಗಳು ಮುಂಚಿತವಾಗಿಯೇ ಯಂತ್ರಭಾಷೆಗೆ ಪರಿವರ್ತಿತವಾಗಿ ಪೊಟ್ಟಣಗಳ ರೂಪದಲ್ಲಿ ದೊರೆಯುತ್ತವೆ. ಆಪ್ಟ್ ಎಂಬ ಸಾಧನಕ್ಕೆ ಪೈಥಾನ್ ೩ರ ಓಪನ್‌ಸಿವಿ ಪೊಟ್ಟಣದ ಹೆಸರನ್ನು ಒಪ್ಪಿಸಿದರೆ, ಅದು ಲೈಬ್ರರಿಯನ್ನೂ, ಲೈಬ್ರರಿಗೆ ಬೇಕಾದ ಇತರ ಪೊಟ್ಟಣಗಳನ್ನೂ ತಂದು ಯಥಾಸ್ಥಾನದಲ್ಲಿ ಇರಿಸುತ್ತದೆ. ಅಂತರಜಾಲದ ಸಂಪರ್ಕವು ಚೆನ್ನಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುವುದು. ಕಂಪೈಲರಿನ ಅವಶ್ಯಕತೆಯೇ ಇಲ್ಲವಾದ್ದರಿಂದ ೧ ಗಿಗಾಬೈಟ್ ಸ್ಮೃತಿಯ ಫಲಕಕ್ಕೂ ಇದು ಭಾರವಲ್ಲ.

ಈ ಮಾರ್ಗದ ಕೊರತೆಯೆಂದರೆ ಆವೃತ್ತಿಯ ಹಳಮೆ. ಡೆಬಿಯನ್ ಪ್ರಕಟವಾಗುವ ಹೊತ್ತಿಗೆ ಭಂಡಾರದಲ್ಲಿದ್ದ ಆವೃತ್ತಿಯೇ ಕಡೆಯವರೆಗೂ ಉಳಿಯುತ್ತದೆ. ಉದಾಹರಣೆಗೆ, ೨೦೨೩ರಲ್ಲಿ ಪ್ರಕಟವಾದ ಡೆಬಿಯನ್ ೧೨ರಲ್ಲಿರುವುದು ೨೦೨೨ರ ಓಪನ್‌ಸಿವಿ ೪.೬. ಆದರೆ ಕಾಲೇಜಿನ ಪಠ್ಯದಲ್ಲಿ ಬರುವ ಶೋಧನ, ಅಂಚುಗಳ ಪತ್ತೆ, ಬಣ್ಣಗಳ ವಿಂಗಡಣೆ, ಆಕಾರಗಳ ಎಣಿಕೆ ಮುಂತಾದ ಪ್ರಯೋಗಗಳಿಗೆ ಈ ಹಳಮೆಯಿಂದ ಯಾವ ಬಾಧಕವೂ ಇಲ್ಲ. ಸ್ಥಿರತೆಯು ಪ್ರಯೋಗಶಾಲೆಗೆ ಗುಣವೇ ಸರಿ. ವರ್ಷದ ಆರಂಭದಲ್ಲಿ ನಡೆದ ಪ್ರಯೋಗವು ವರ್ಷದ ಕೊನೆಯಲ್ಲಿಯೂ ಹಾಗೆಯೇ ನಡೆಯುವುದು.

೪. ಎರಡನೆಯ ಮಾರ್ಗ: ಪೈಥಾನಿನ ಭಂಡಾರದಿಂದ

ಪೈಥಾನ್ ಭಾಷೆಗೆ ತನ್ನದೇ ಆದ ಭಂಡಾರವೊಂದಿದೆ. ಅದರಿಂದ ಪೊಟ್ಟಣಗಳನ್ನು ತರುವ ಸಾಧನದ ಹೆಸರು ಪಿಪ್. ಪರಿವರ್ತಿತವಾಗಿ ಸಿದ್ಧವಾಗಿರುವ ಪೊಟ್ಟಣಕ್ಕೆ ಅಲ್ಲಿ ವೀಲ್ ಎನ್ನುತ್ತಾರೆ. ೬೪ ಬಿಟ್ ಆರ್ಮ್ ವ್ಯವಸ್ಥೆಗಳಿಗೆ ಬೇಕಾದ ಓಪನ್‌ಸಿವಿ ವೀಲ್‌ಗಳು ಈ ಭಂಡಾರದಲ್ಲಿಯೇ ದೊರೆಯುತ್ತವೆ. ೩೨ ಬಿಟ್ ರಾಸ್ಪ್‌ಬೆರಿ ಪೈ ವ್ಯವಸ್ಥೆಗಾಗಿ ಪೈವೀಲ್ಸ್ ಎಂಬ ಪ್ರತ್ಯೇಕ ಭಂಡಾರವು ಇಂಥ ವೀಲ್‌ಗಳನ್ನು ಸಿದ್ಧಪಡಿಸಿಡುತ್ತದೆ. ಹೊಸ ಆವೃತ್ತಿಯು ಬೇಕೆನಿಸಿದಾಗ ಈ ಮಾರ್ಗವು ಉಪಯುಕ್ತ. ಇಲ್ಲಿ ಮೂರು ಸಂಗತಿಗಳನ್ನು ಗಮನದಲ್ಲಿಡುವುದು ಅವಶ್ಯಕ.

ಮೊದಲನೆಯದಾಗಿ, ಡೆಬಿಯನ್ ೧೨ರಿಂದೀಚೆಗೆ, ವ್ಯವಸ್ಥೆಯ ಪೈಥಾನಿಗೆ ಪಿಪ್ ಮೂಲಕ ನೇರವಾಗಿ ಏನನ್ನೂ ಸೇರಿಸಲು ಅನುಮತಿಯಿಲ್ಲ. ಹಾಗೆ ಮಾಡಹೊರಟರೆ, ಪರಿಸರವು ಹೊರಗಿನಿಂದ ನಿರ್ವಹಿತವಾಗಿದೆ ಎಂಬ ಅರ್ಥದ ಸೂಚನೆ ಬಂದು ಕೆಲಸವು ನಿಲ್ಲುತ್ತದೆ. ಇದು ದೋಷವಲ್ಲ, ರಕ್ಷಣೆ. ವ್ಯವಸ್ಥೆಯ ಅನೇಕ ಸಾಧನಗಳು ಅದೇ ಪೈಥಾನನ್ನು ಅವಲಂಬಿಸಿವೆ. ಸೂಚನೆಯನ್ನು ಮೀರುವ ಉಪಾಯವೊಂದಿದ್ದರೂ ಅದನ್ನು ಬಳಸದಿರುವುದೇ ವಿವೇಕ. ಪ್ರತಿ ಯೋಜನೆಗೂ ವೆನ್ವ್ ಎಂಬ ಪ್ರತ್ಯೇಕ ಪರಿಸರವನ್ನು ನಿರ್ಮಿಸಿಕೊಂಡು, ಅದರೊಳಗೆ ಓಪನ್‌ಸಿವಿಯನ್ನು ಸ್ಥಾಪಿಸುವುದು ಸರಿಯಾದ ಕ್ರಮ.

ಎರಡನೆಯದಾಗಿ, ತಕ್ಕ ವೀಲ್ ದೊರೆಯದಿದ್ದರೆ ಪಿಪ್ ಸುಮ್ಮನಿರುವುದಿಲ್ಲ. ಮೂಲಪಾಠವನ್ನೇ ತಂದು ಫಲಕದ ಮೇಲೆ ಕಂಪೈಲ್ ಮಾಡಲು ಆರಂಭಿಸುತ್ತದೆ. ವೀಲ್ ಕಟ್ಟಲಾಗುತ್ತಿದೆ ಎಂಬ ಸಾಲಿನಲ್ಲಿ ತೆರೆಯು ಗಂಟೆಗಟ್ಟಲೆ ನಿಂತುಬಿಟ್ಟರೆ, ಬಳಕೆದಾರನು ತನಗೆ ತಿಳಿಯದೆಯೇ ಎರಡನೆಯ ಮಾರ್ಗದಿಂದ ಮೂರನೆಯದಕ್ಕೆ ಹೊರಳಿದ್ದಾನೆಂದು ಅರ್ಥ. ಪಿಪ್ ಸಾಧನದ ಆವೃತ್ತಿಯು ತೀರ ಹಳೆಯದಾಗಿರುವುದು ಇದಕ್ಕೆ ಒಂದು ಕಾರಣ. ಅದನ್ನು ಮೊದಲು ನವೀಕರಿಸಬೇಕು; ಸಿದ್ಧ ವೀಲ್ ಇದ್ದರೆ ಮಾತ್ರ ಮುಂದುವರಿ ಎಂಬ ನಿರ್ಬಂಧವನ್ನು ಆಜ್ಞೆಯಲ್ಲಿಯೇ ಸೇರಿಸಬೇಕು.

ಮೂರನೆಯದಾಗಿ, ಸಂಖ್ಯೆಗಳ ಕೋಷ್ಟಕಗಳನ್ನು ನಿರ್ವಹಿಸುವ ನಂಪೈ ಎಂಬ ಲೈಬ್ರರಿಯನ್ನು ಓಪನ್‌ಸಿವಿಯು ಅವಲಂಬಿಸಿದೆ. ನಂಪೈಯ ೧ನೆಯ ಶ್ರೇಣಿಗೆ ತಕ್ಕಂತೆ ಪರಿವರ್ತಿತವಾದ ಓಪನ್‌ಸಿವಿಯು, ೨೦೨೪ರಲ್ಲಿ ಬಂದ ನಂಪೈ ೨.೦ರೊಡನೆ ಹೊಂದುವುದಿಲ್ಲ. ಆಪ್ಟ್ ಮೂಲಕ ಬಂದ ಓಪನ್‌ಸಿವಿಯನ್ನು ಬಳಸುತ್ತ, ನಂಪೈಯನ್ನು ಮಾತ್ರ ಪಿಪ್ ಮೂಲಕ ಏರಿಸಿದರೆ, ನಿನ್ನೆ ನಡೆಯುತ್ತಿದ್ದ ಪ್ರೋಗ್ರಾಂ ಇಂದು ನಿಂತುಹೋಗಬಹುದು. ಆದ್ದರಿಂದ ಎರಡೂ ಒಂದೇ ಭಂಡಾರದಿಂದ ಬರುವಂತೆ ನೋಡಿಕೊಳ್ಳುವುದು ಕ್ಷೇಮ.

ಇದಲ್ಲದೆ, ತೆರೆಯಿಲ್ಲದೆ ದೂರದಿಂದಲೇ ನಡೆಸುವ ಫಲಕಗಳಿಗಾಗಿ ಹೆಡ್‌ಲೆಸ್ ಎಂಬ ಪ್ರಭೇದವಿದೆ. ಅದರಲ್ಲಿ ಚಿತ್ರವನ್ನು ಕಿಟಕಿಯಲ್ಲಿ ತೋರಿಸುವ ಭಾಗವಿರುವುದಿಲ್ಲ. ತೆರೆಯ ಮೇಲೆ ಫಲಿತಾಂಶವನ್ನು ನೋಡಬೇಕಾದ ತರಗತಿಗೆ ಪೂರ್ಣ ಪ್ರಭೇದವೇ ಯುಕ್ತ. ಎರಡನ್ನೂ ಒಂದೇ ಪರಿಸರದಲ್ಲಿ ಸ್ಥಾಪಿಸಬಾರದು.

೫. ಮೂರನೆಯ ಮಾರ್ಗ: ಮೂಲಪಾಠದಿಂದ

ಮೂಲಪಾಠವನ್ನೇ ತಂದು ನಮ್ಮ ಫಲಕದ ಮೇಲೆ ಕಂಪೈಲ್ ಮಾಡುವುದು ಮೂರನೆಯ ಮಾರ್ಗ. ಮೊದಲು ಕಂಪೈಲರನ್ನೂ, ಚಿತ್ರಗಳನ್ನೂ ಚಲಚ್ಚಿತ್ರಗಳನ್ನೂ ಓದಬಲ್ಲ ಸಹಾಯಕ ಲೈಬ್ರರಿಗಳನ್ನೂ ಸ್ಥಾಪಿಸಬೇಕು. ಅನಂತರ ಸಿಮೇಕ್ ಎಂಬ ಸಾಧನವು ಫಲಕವನ್ನು ಪರಿಶೀಲಿಸಿ, ಏನೇನು ದೊರೆಯುತ್ತದೆ, ಏನೇನನ್ನು ಸೇರಿಸಬೇಕು ಎಂಬ ಯೋಜನೆಯನ್ನು ಸಿದ್ಧಪಡಿಸುತ್ತದೆ. ಆ ಯೋಜನೆಯಂತೆ ಮೇಕ್ ಎಂಬ ಸಾಧನವು ಕಡತಗಳನ್ನು ಒಂದೊಂದಾಗಿ ಕಂಪೈಲರಿಗೆ ಒಪ್ಪಿಸುತ್ತ ಹೋಗುತ್ತದೆ. ಪೈ ೪ರಲ್ಲಿ ಇದಕ್ಕೆ ಒಂದೆರಡು ಗಂಟೆ ಹಿಡಿಯಬಹುದು. ಪೈ ೩ರಲ್ಲಿ ಹಲವು ಗಂಟೆಗಳೇ ಬೇಕು.

ಇಲ್ಲಿ ಎದುರಾಗುವ ಮುಖ್ಯ ವಿಘ್ನ ಕಾಲವಲ್ಲ, ಸ್ಮೃತಿ. ಫಲಕದಲ್ಲಿ ನಾಲ್ಕು ತಿರುಳುಗಳಿವೆಯಲ್ಲ, ನಾಲ್ಕು ಕಡತಗಳನ್ನು ಏಕಕಾಲದಲ್ಲಿ ಕಂಪೈಲ್ ಮಾಡಿಸಿದರೆ ಕೆಲಸ ಬೇಗ ಮುಗಿಯುವುದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಓಪನ್‌ಸಿವಿಯ ಕೆಲವು ದೊಡ್ಡ ಕಡತಗಳಿಗೆ ಒಂದೊಂದಕ್ಕೇ ನೂರಾರು ಮೆಗಾಬೈಟ್ ಸ್ಮೃತಿ ಬೇಕಾಗುತ್ತದೆ. ಅಂಥ ನಾಲ್ಕು ಒಟ್ಟಿಗೆ ಬಂದಾಗ ೧ ಗಿಗಾಬೈಟ್ ಸಾಲದು. ಆಗ ವ್ಯವಸ್ಥೆಯು ಕಂಪೈಲರನ್ನೇ ಕೊಲ್ಲುತ್ತದೆ, ಇಲ್ಲವೇ ಫಲಕವು ಸ್ತಬ್ಧವಾಗುತ್ತದೆ. ಸ್ಮೃತಿ ಸಾಲದಾದಾಗ ಶೇಖರಣಾ ಕಾರ್ಡಿನ ಒಂದು ಭಾಗವನ್ನು ಸ್ಮೃತಿಯಂತೆ ಬಳಸುವ ಸ್ವಾಪ್ ಎಂಬ ಏರ್ಪಾಡು ಇದೆಯಾದರೂ, ರಾಸ್ಪ್‌ಬೆರಿ ಪೈ ಓಎಸ್‌ನ ಹಿಂದಿನ ಆವೃತ್ತಿಗಳಲ್ಲಿ ಅದರ ಗಾತ್ರ ೧೦೦ ಮೆಗಾಬೈಟ್ ಮಾತ್ರವಾಗಿತ್ತು.

ಪರಿಹಾರವೇನೋ ಸರಳ. ಸ್ವಾಪನ್ನು ತಾತ್ಕಾಲಿಕವಾಗಿ ೨ ಗಿಗಾಬೈಟಿಗೆ ಏರಿಸುವುದು. ಏಕಕಾಲದ ಕಡತಗಳ ಸಂಖ್ಯೆಯನ್ನು ಎರಡಕ್ಕೋ ಒಂದಕ್ಕೋ ಇಳಿಸುವುದು. ಪರೀಕ್ಷಾಪಾಠಗಳನ್ನೂ ಮಾದರಿ ಪ್ರೋಗ್ರಾಮುಗಳನ್ನೂ ಯೋಜನೆಯಿಂದ ಕೈಬಿಡುವುದು. ಕೆಲಸ ಮುಗಿದೊಡನೆ ಸ್ವಾಪನ್ನು ಮೊದಲಿನ ಅಳತೆಗೆ ತರಬೇಕು. ಪದೇ ಪದೇ ಬರೆಯುವುದರಿಂದ ಕಾರ್ಡು ಸವೆಯುತ್ತದೆ. ೮ ಗಿಗಾಬೈಟಿನ ಕಾರ್ಡಿನಲ್ಲಿ ಸ್ಥಳ ಸಾಲದೆ ಹೋಗಬಹುದಾದ್ದರಿಂದ ೧೬ ಗಿಗಾಬೈಟ್ ಅಥವಾ ಅದಕ್ಕಿಂತ ದೊಡ್ಡದಿರಲಿ. ಗಂಟೆಗಟ್ಟಲೆ ಪೂರ್ಣವೇಗದಲ್ಲಿ ದುಡಿಯುವ ಪ್ರೊಸೆಸರು ಕಾಯುತ್ತದೆ. ಉಷ್ಣವು ಸುಮಾರು ೮೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಗಾಳಿಯಾಡುವ ಸ್ಥಳವೂ, ಸಾಧ್ಯವಾದರೆ ಚಿಕ್ಕದೊಂದು ಫ್ಯಾನೂ ಅವಶ್ಯಕ. ವಿದ್ಯುತ್ ಪೂರೈಕೆಯೂ ದೃಢವಾಗಿರಬೇಕು: ಪೈ ೩ಕ್ಕೆ ೨.೫ ಆಂಪಿಯರ್, ಪೈ ೪ಕ್ಕೆ ೩ ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಬೇಕು. ಫೋನಿನ ಹಳೆಯ ಚಾರ್ಜರಿನಿಂದ ನಡೆಸಿದ ಫಲಕವು ನಡುವೆಯೇ ಮರುಚಾಲನೆಗೊಂಡರೆ ಆಶ್ಚರ್ಯವಿಲ್ಲ.

೬. ಮೂರನೆಯ ಮಾರ್ಗ ಯಾರಿಗೆ?

ಇಷ್ಟು ಕಷ್ಟದ ಮಾರ್ಗವನ್ನು ಅನೇಕ ಹಳೆಯ ಕೈಪಿಡಿಗಳು ಮೊದಲನೆಯದಾಗಿ ಬೋಧಿಸಿದ್ದೇಕೆ? ಅದಕ್ಕೆ ಆಗ ನ್ಯಾಯವಾದ ಕಾರಣವಿತ್ತು. ಆರ್ಮ್ ಪ್ರೊಸೆಸರುಗಳಲ್ಲಿ ನಿಯಾನ್ ಎಂಬ ವಿಶೇಷ ಭಾಗವೊಂದುಂಟು; ಅದು ಒಂದೇ ಆಜ್ಞೆಯಿಂದ ಹಲವು ಸಂಖ್ಯೆಗಳನ್ನು ಒಟ್ಟಿಗೆ ಗುಣಿಸಬಲ್ಲದು, ಕೂಡಬಲ್ಲದು. ಮೇಲೆ ತೋರಿಸಿದ ಎಂಟು ಕೋಟಿ ಗುಣಾಕಾರಗಳಿಗೆ ಇದರಿಂದಾಗುವ ಪ್ರಯೋಜನ ಸ್ಪಷ್ಟವಾಗಿಯೇ ಇದೆ. ಆದರೆ ೨೦೧೨ರ ಮೊದಲ ಫಲಕದಲ್ಲಿ ನಿಯಾನ್ ಇರಲಿಲ್ಲ. ೩೨ ಬಿಟ್‌ನ ರಾಸ್ಪ್‌ಬೆರಿ ಪೈ ಓಎಸ್ ಆ ಮೊದಲ ಫಲಕದಿಂದ ಹಿಡಿದು ಎಲ್ಲದರಲ್ಲಿಯೂ ನಡೆಯಬೇಕೆಂಬ ಉದ್ದೇಶದಿಂದ, ಅದರ ಭಂಡಾರವನ್ನು ಹಳೆಯ ಪ್ರೊಸೆಸರಿಗೆ ತಕ್ಕಂತೆಯೇ ಸಿದ್ಧಪಡಿಸಲಾಯಿತು. ಹೊಸ ಫಲಕವನ್ನು ಕೊಂಡವನೂ ಭಂಡಾರದ ಲೈಬ್ರರಿಯನ್ನು ಬಳಸಿದರೆ ನಿಯಾನಿನ ಲಾಭವನ್ನು ಕಳೆದುಕೊಳ್ಳುತ್ತಿದ್ದನು. ತಾನೇ ಕಂಪೈಲ್ ಮಾಡಿಕೊಳ್ಳುವುದು ಅದಕ್ಕೆ ಉಪಾಯವಾಗಿತ್ತು.

೨೦೨೨ರ ಫೆಬ್ರವರಿಯಲ್ಲಿ ರಾಸ್ಪ್‌ಬೆರಿ ಪೈ ಓಎಸ್‌ನ ೬೪ ಬಿಟ್ ರೂಪವು ಅಧಿಕೃತವಾಗಿ ಹೊರಬಂದ ಮೇಲೆ ಪರಿಸ್ಥಿತಿ ಬದಲಾಯಿತು. ೬೪ ಬಿಟ್ ಆರ್ಮ್‌ನಲ್ಲಿ ನಿಯಾನ್ ಸಹಜಾಂಗವೇ ಆಗಿರುವುದರಿಂದ ಸಿದ್ಧ ಪೊಟ್ಟಣಗಳೂ ಅದನ್ನು ಬಳಸುತ್ತವೆ. ಪೈ ೩, ಪೈ ೪, ಪೈ ೫ ಇವೆಲ್ಲ ಈ ರೂಪವನ್ನು ನಡೆಸಬಲ್ಲವು. ಹೀಗೆ, ಕಾರಣವು ಹೋದ ಮೇಲೂ ವಿಧಿಯು ಮಾತ್ರ ಕೈಪಿಡಿಗಳಲ್ಲಿ ಉಳಿದುಕೊಂಡಿದೆ.

ಮೂರನೆಯ ಮಾರ್ಗವು ಇಂದು ನಿರರ್ಥಕವೆಂದು ಇದರ ಅಭಿಪ್ರಾಯವಲ್ಲ. ಪಿಪ್‌ನ ವೀಲ್‌ಗಳಲ್ಲಿ ಜಿಸ್ಟ್ರೀಮರ್ ಎಂಬ ಚಲಚ್ಚಿತ್ರ ವ್ಯವಸ್ಥೆಯ ಬೆಂಬಲವಿಲ್ಲ. ಪೇಟೆಂಟಿನ ಕಾರಣದಿಂದ ಹೊರಗಿಟ್ಟ ಸರ್ಫ್‌ನಂಥ ವಿಧಾನಗಳೂ ಅವುಗಳಲ್ಲಿಲ್ಲ. ಇಂಥ ನಿರ್ದಿಷ್ಟ ಭಾಗವೊಂದು ಬೇಕಾದವರು, ಲೈಬ್ರರಿಯನ್ನೇ ತಿದ್ದಬಯಸುವ ಸಂಶೋಧಕರು, ಕಂಪೈಲರಿನ ಕ್ರಮವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಈ ಮಾರ್ಗವನ್ನು ಹಿಡಿಯುವುದು ಉಚಿತ. ಅವರಿಗೆ ಕಂಪೈಲ್ ಮಾಡುವುದೇ ಪಾಠ. ಉಳಿದವರಿಗೆ ಅದು ಪಾಠಕ್ಕೆ ಅಡ್ಡ.

೭. ಪರೀಕ್ಷೆ ಮತ್ತು ಕ್ಯಾಮರಾ

ಸ್ಥಾಪನೆಯು ಸಫಲವಾಯಿತೆಂದು ತಿಳಿಯುವುದು ಸುಲಭ. ಪೈಥಾನಿನಲ್ಲಿ ಲೈಬ್ರರಿಯ ಹೆಸರು ಸಿವಿ೨. ಅದನ್ನು ಆಮದು ಮಾಡಿಕೊಂಡು ಆವೃತ್ತಿಯನ್ನು ಕೇಳಿದರೆ ಸಂಖ್ಯೆಯೊಂದು ಬರಬೇಕು. ಲೈಬ್ರರಿಯು ತನ್ನ ರಚನೆಯ ವಿವರವನ್ನು ತಾನೇ ಹೇಳುವ ವ್ಯವಸ್ಥೆಯೂ ಇದೆ. ಅದರಲ್ಲಿ ನಿಯಾನ್ ಸೇರಿದೆಯೇ, ಯಾವ ಚಲಚ್ಚಿತ್ರ ವ್ಯವಸ್ಥೆಗಳಿಗೆ ಬೆಂಬಲವಿದೆ ಎಂಬುದನ್ನು ಓದಬಹುದು. ವಿದ್ಯಾರ್ಥಿಗಳು ಈ ವಿವರವನ್ನು ಒಮ್ಮೆ ಸಾವಧಾನವಾಗಿ ಓದುವುದು ಒಳ್ಳೆಯದು.

ಕ್ಯಾಮರಾದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಯುಎಸ್‌ಬಿ ಕ್ಯಾಮರಾವನ್ನು ಓಪನ್‌ಸಿವಿಯು ನೇರವಾಗಿ ತೆರೆಯಬಲ್ಲದು. ಆದರೆ ಪಟ್ಟಿತಂತಿಯಿಂದ ಫಲಕಕ್ಕೆ ಜೋಡಿಸುವ ಪೈ ಕ್ಯಾಮರಾವು ಈಗಿನ ವ್ಯವಸ್ಥೆಯಲ್ಲಿ ಲಿಬ್‌ಕ್ಯಾಮರಾ ಎಂಬ ಬೇರೊಂದು ಏರ್ಪಾಡಿನ ಮೂಲಕ ನಡೆಯುತ್ತದೆ. ಅದನ್ನು ಪಿಕ್ಯಾಮರಾ೨ ಎಂಬ ಲೈಬ್ರರಿಯಿಂದ ತೆರೆದು, ದೊರೆತ ಚಿತ್ರವನ್ನು ಓಪನ್‌ಸಿವಿಗೆ ಒಪ್ಪಿಸಬೇಕು. ಪಿಕ್ಯಾಮರಾ೨ನ್ನು ಆಪ್ಟ್ ಮೂಲಕ ಸ್ಥಾಪಿಸುವುದು ರೂಢಿಯಾದ್ದರಿಂದ, ವೆನ್ವ್ ಪರಿಸರವನ್ನು ನಿರ್ಮಿಸುವಾಗ ವ್ಯವಸ್ಥೆಯ ಪೊಟ್ಟಣಗಳೂ ಅದರೊಳಗೆ ಕಾಣುವಂತೆ ಆಜ್ಞಾಪಿಸಬೇಕು. ಓಪನ್‌ಸಿವಿಯಲ್ಲಿ ಬಣ್ಣಗಳ ಕ್ರಮ ನೀಲಿ, ಹಸಿರು, ಕೆಂಪು; ಬೇರೆ ಅನೇಕ ಲೈಬ್ರರಿಗಳಲ್ಲಿ ಕೆಂಪು, ಹಸಿರು, ನೀಲಿ. ಕೆಂಪು ದಾಸವಾಳವು ತೆರೆಯ ಮೇಲೆ ನೀಲಿಯಾಗಿ ಕಂಡರೆ ಸ್ಥಾಪನೆಯನ್ನು ಶಂಕಿಸಬೇಕಾಗಿಲ್ಲ. ಕ್ರಮವನ್ನು ಬದಲಿಸಿದರೆ ಸಾಕು.

ಉಪಸಂಹಾರ

ಮೇಲಿನ ವಿಚಾರದಿಂದ ಪ್ರಯೋಗಶಾಲೆಗೆ ಅನ್ವಯಿಸುವ ಕ್ರಮವೊಂದು ತಾನಾಗಿ ಒದಗುತ್ತದೆ. ಫಲಕವು ಸಮರ್ಥವಾಗಿದ್ದರೆ ೬೪ ಬಿಟ್ ವ್ಯವಸ್ಥೆಯನ್ನೇ ಹಾಕಬೇಕು. ಮೊದಲು ಆಪ್ಟ್ ಮಾರ್ಗವನ್ನು ಹಿಡಿಯಬೇಕು. ಹೊಸ ಆವೃತ್ತಿ ಬೇಕೆಂಬುದಕ್ಕೆ ಸ್ಪಷ್ಟ ಕಾರಣವಿದ್ದರೆ ವೆನ್ವ್ ಪರಿಸರದಲ್ಲಿ ಪಿಪ್ ಮಾರ್ಗವನ್ನು ಹಿಡಿಯಬೇಕು. ಇವೆರಡರಲ್ಲಿಯೂ ದೊರೆಯದ ಭಾಗವೊಂದನ್ನು ಹೆಸರಿಸಿ ಹೇಳಬಲ್ಲವರಾದಾಗ ಮಾತ್ರ ಮೂಲಪಾಠಕ್ಕೆ ಕೈಹಾಕಬೇಕು. ಹತ್ತು ಫಲಕಗಳಿದ್ದರೆ ಹತ್ತರಲ್ಲಿಯೂ ಬೇರೆ ಬೇರೆಯಾಗಿ ಸ್ಥಾಪಿಸುವ ಅಗತ್ಯವಿಲ್ಲ. ಅಧ್ಯಾಪಕರು ತರಗತಿಗೆ ಮುಂಚೆ ಒಂದು ಕಾರ್ಡನ್ನು ಸಿದ್ಧಪಡಿಸಿ, ಪರೀಕ್ಷಿಸಿ, ಅದರ ಪ್ರತಿಗಳನ್ನು ಉಳಿದ ಕಾರ್ಡುಗಳಿಗೆ ಇಳಿಸಿ, ಪ್ರತಿ ಫಲಕಕ್ಕೂ ಬೇರೆ ಹೆಸರನ್ನೂ ಗುಪ್ತಪದವನ್ನೂ ಕೊಟ್ಟರೆ ಸಾಕು. ಆಗ ಮೊದಲನೆಯ ದಿನದ ಮೂರು ಗಂಟೆಗಳೂ ಚಿತ್ರಗಳಿಗೇ ಮೀಸಲಾಗುತ್ತವೆ. ತರಗತಿ ಮುಗಿಯುವ ಮೊದಲೇ ವಿದ್ಯಾರ್ಥಿಯು ತಾನು ಹಿಡಿದ ಚಿತ್ರದಲ್ಲಿ ಅಂಚುಗಳು ಮೂಡುವುದನ್ನು ನೋಡಿರುತ್ತಾನೆ.